ಜೂನ್ ಒಂದರಂದು ಹುಟ್ಟಿದವರು

ಹಿಂದೂಪುರ

ನಾನು ಹೋಗಿ ಬಂದ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೆಂಡತಿ ಗಿರಿಜಳ ಅಪ್ಪಣೆಯಾಗಿದೆ. "ನಿಮ್ ಸಿಟ್ಟು ನಿಮ್ಮತ್ರಾನೇ ಇರ್ಲಿ. ನಂಗಿನ್ನೂ ಎರಡು ವರ್ಷ ಆ ಕಾರ್ಡ್ ಬೇಕು ಕಣ್ರೀ" ಎಂದು ಫೋನಿನಲ್ಲಿ ಮೊದಲೇ ಹೇಳಿಬಿಟ್ಟಿದ್ದಾಳೆ. ಆದ್ದರಿಂದ ಯುರೋಪಿನ ಒಂದು ತಣ್ಣನೆಯ ದೇಶ ಎಂದಿಟ್ಟುಕೊಳ್ಳಿ. ಅಲ್ಲಿ ರೊಟ್ಟಿ ಗಟ್ಟಿ, ಮಾತು ಕಡಿಮೆ, ಬಸ್ಸು ಹೇಳಿದ ನಿಮಿಷಕ್ಕೆ ಬರುತ್ತದೆ. ಇಷ್ಟರ ಮೇಲೆ ನೀವು ಊಹಿಸಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ.

ಗಿರಿಜ ಕಲ್ಯಾಣದುರ್ಗದ ಕಡೆಯ ಹಳ್ಳಿಯವಳು. ನೀರಿಲ್ಲದೆ ಕಡ್ಲೆಕಾಯಿ ಗಿಡ ಎಷ್ಟು ದಿನ ತಾಳುತ್ತದೆ, ಯಾವ ತಳಿ ತಾಳುತ್ತದೆ, ಯಾಕೆ ತಾಳುತ್ತದೆ ಎನ್ನುವುದರ ಮೇಲೆ ಡಾಕ್ಟರೇಟ್ ಮಾಡಿ, ಆಮೇಲೆ ಹದಿನೆಂಟು ವರ್ಷ ಅದರಲ್ಲೇ ಕೆಲಸ ಮಾಡಿದ್ದಾಳೆ. ಈಚೆಗೆ ಆ ತಣ್ಣನೆಯ ದೇಶದಲ್ಲೂ ಬೇಸಿಗೆ ಸುಡಲು ಶುರುವಾಗಿ, ಅಲ್ಲಿನ ವಿಶ್ವವಿದ್ಯಾಲಯದವರಿಗೆ ಬಾಯಾರಿದ ಗಿಡಗಳ ಸಂಗತಿ ತಿಳಿದವರು ಬೇಕಾದರು. ಎರಡು ವರ್ಷದ ಕೆಲಸಕ್ಕೆ ಇವಳನ್ನು ಕರೆದರು. ಮಾರ್ಚಿನಲ್ಲಿ ಮೂರು ತಿಂಗಳ ವೀಸಾ ಹಿಡಿದು ಹೊರಟಳು. ಆ ಮೂರು ತಿಂಗಳು ಮುಗಿಯುವ ಒಳಗೆ, ಉನ್ನತ ಕೌಶಲದ ವಿದೇಶಿ ವೃತ್ತಿಪರರಿಗೆಂದು ಕೊಡುವ ವಾಸದ ಪರವಾನಗಿಯ ಕಾರ್ಡನ್ನು ಅಲ್ಲೇ ಪಡೆಯಬೇಕು. ಸಿಗದಿದ್ದರೆ ಮೂಟೆ ಕಟ್ಟಿಕೊಂಡು ವಾಪಸ್ಸು ಬರಬೇಕು.

ನಾನು ಆಂಧ್ರದ ಗಡಿಯ ಲೇಪಾಕ್ಷಿ ಮಂಡಲದ ಒಂದು ಹಳ್ಳಿಯ ಕನ್ನಡ ಶಾಲೆಯ ಮೇಷ್ಟ್ರು. ಹಿಂದೂಪುರದಿಂದ ದಿನಾ ಬಸ್ಸಿನಲ್ಲಿ ಓಡಾಡುವವನು. ಬೇಸಿಗೆ ರಜೆ ಬಿಟ್ಟ ಮೇಲೆ ಹೋಗಿ, ಶಾಲೆ ತೆರೆಯುವ ಹೊತ್ತಿಗೆ ವಾಪಸ್ಸು ಬರುವುದು ಎಂದು ಗೊತ್ತುಮಾಡಿಕೊಂಡೆ. ಪರವಾನಗಿಯ ಕಾಗದಪತ್ರಗಳನ್ನೆಲ್ಲ ಜೋಡಿಸಿ ತರುವ ಕೆಲಸ ನನ್ನ ಪಾಲಿಗೆ ಬಂತು.

ಅವರು ಕೇಳಿದ್ದರ ಪಟ್ಟಿ ನೋಡಿದರೆ ಮೈ ಉರಿಯುತ್ತಿತ್ತು. ಕೆಲಸದ ಕರಾರು, ಪದವಿ ಪತ್ರ, ಆ ಪದವಿ ತಮ್ಮ ದೇಶದ ಪದವಿಗೆ ಸಮ ಎನ್ನುವ ಇನ್ನೊಂದು ಪತ್ರ, ಆರೋಗ್ಯ ವಿಮೆ, ಮನೆಯ ಒಡೆಯರು ಇವಳು ನನ್ನ ಮನೆಯಲ್ಲಿದ್ದಾಳೆ ಎಂದು ರುಜು ಹಾಕಿದ ಕಾಗದ, ಮದುವೆಯ ಪತ್ರ, ಹಲ್ಲು ಕಾಣದ ಫೋಟೋ. ಕರೆದವರು ಅವರು, ಹೋಗುತ್ತಿರುವವಳು ಇವಳು, ಮತ್ತೆ ಇವಳು ಇವಳೇ ಎಂದು ಸಾಬೀತು ಮಾಡುವ ಗೋಳೂ ಇವಳದೇ. ಜನನ ಪ್ರಮಾಣಪತ್ರ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಇದನ್ನು ದಯವಿಟ್ಟು ನೆನಪಿನಲ್ಲಿಡಿ.

ನಮ್ಮ ಕಡೆ ಯಾವ ಆಫೀಸಿಗೆ ಹೋದರೂ ಕೇಳಿದ್ದಕ್ಕಿಂತ ನಾಲ್ಕು ಜೆರಾಕ್ಸ್ ಹೆಚ್ಚಿಗೆ ಇಟ್ಟುಕೊಂಡು ಹೋಗುವುದು ರೂಢಿ. ರೇಷನ್ ಕಾರ್ಡಿಗೆ ಹೋಗುವವನು ಕರೆಂಟ್ ಬಿಲ್ಲನ್ನೂ ಹಿಡಿದಿರುತ್ತಾನೆ. ಮಗಳ ಫಾರಿನ್ನಿಗೆ ಬೇಕಾದೀತು ಎಂದು ನಮ್ಮ ಅತ್ತೆ ಹಳ್ಳಿಯಿಂದ ಕಲ್ಯಾಣದುರ್ಗಕ್ಕೆ ಮೂರು ಸಲ ಶೇರ್ ಜೀಪಿನಲ್ಲಿ ಹೋಗಿ, ಹಳೇ ರಿಜಿಸ್ಟರು ಹುಡುಕಿಸಿ ಜನನ ಪ್ರಮಾಣಪತ್ರ ತಂದುಕೊಟ್ಟಿದ್ದರು. ನಾನು ಅದನ್ನು ಫೈಲಿನ ಕೊನೆಗೆ ಸೇರಿಸಿದೆ. ಕೇಳಿಲ್ಲವಲ್ಲ, ಯಾಕೆ ಎಂದು ಗಿರಿಜ ಫೋನಿನಲ್ಲಿ ರಾಗ ಎಳೆದಳು. ಒಂದು ಜಾಸ್ತಿ ಇದ್ದರೆ ಗಂಟೇನು ಹೋಗುತ್ತದೆ ಎಂದು ನಾನೇ ಅವಳ ಬಾಯಿ ಮುಚ್ಚಿಸಿದೆ.

ವಿಮಾನ ನಿಲ್ದಾಣ

ಮೊದಲ ಅವಮಾನ ಕಡ್ಲೆಕಾಯಿಗೆ ಆಯಿತು. ಅತ್ತೆ ಮಗಳಿಗೆಂದು ನಾಲ್ಕು ಸೇರು ಒಣಗಿದ ಕಾಯಿ ಕಟ್ಟಿಕೊಟ್ಟಿದ್ದರು. ಅಲ್ಲಿನ ಕಸ್ಟಮ್ಸಿನ ಹೆಂಗಸು ಕೈಗವಸು ಹಾಕಿಕೊಂಡು ಆ ಚೀಲ ಎತ್ತಿ, ಗಿಡದ ಆರೋಗ್ಯದ ಸರ್ಟಿಫಿಕೇಟ್ ಎಲ್ಲಿ ಎಂದು ಕೇಳಿದಳು. ಇದು ತಿನ್ನುವುದಕ್ಕೆ ತಾಯಿ, ನನ್ನ ಹೆಂಡತಿ ಇದರ ಮೇಲೆಯೇ ಡಾಕ್ಟರೇಟ್ ಮಾಡಿದವಳು, ನಿಮ್ಮವರೇ ಅದಕ್ಕೆ ಕರೆಸಿಕೊಂಡಿದ್ದಾರೆ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ವಾದಿಸಿದೆ. ಅವಳು ತಲೆದೂಗುತ್ತಲೇ ಚೀಲವನ್ನು ಕಸದ ಡಬ್ಬಿಗೆ ಹಾಕಿದಳು. ಹೊರಗೆ ಕಾಯುತ್ತಿದ್ದ ಗಿರಿಜಳಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. ಕಾಗದವಿಲ್ಲದ ಕಡ್ಲೆಕಾಯಿಗೆ ಆ ದೇಶದಲ್ಲಿ ಪ್ರವೇಶ ಇಲ್ಲವಂತೆ, ಅದು ಅವಳಿಗೂ ಗೊತ್ತಿತ್ತಂತೆ.

ಮಾರ್ಥಾ ಅವರ ಮನೆ

ಗಿರಿಜ ಬಾಡಿಗೆಗಿದ್ದದ್ದು ಮಾರ್ಥಾ ಎನ್ನುವ ಎಂಬತ್ತರ ಹತ್ತಿರದ ಹೆಂಗಸಿನ ಮಹಡಿ ಮನೆಯಲ್ಲಿ. ಮಾರ್ಥಾ ದಿನಾ ಬೆಳಿಗ್ಗೆ ಸೈಕಲ್ ಹತ್ತಿ ರೊಟ್ಟಿ ತರುತ್ತಿದ್ದರು. ಖಾಲಿ ಬಾಟಲಿಯನ್ನು ಬಣ್ಣದ ಪ್ರಕಾರ ಮೂರು ಡಬ್ಬಿಗೆ ಹಾಕುತ್ತಿದ್ದರು. ನಾನು ಹಸಿರು ಬಾಟಲಿಯನ್ನು ಕಂದು ಬಾಟಲಿಯ ಡಬ್ಬಿಗೆ ಹಾಕಿದ ದಿನ ಒಂದು ಮಾತೂ ಆಡದೆ ಅದನ್ನು ಎತ್ತಿ ಸರಿಯಾದ ಡಬ್ಬಿಗೆ ಹಾಕಿದರು. ನಮ್ಮಲ್ಲಾದರೆ ಅದಕ್ಕೆ ಅರ್ಧ ಗಂಟೆ ಬೈಗುಳ ಇರುತ್ತಿತ್ತು, ಆಮೇಲೆ ಕಾಫಿಯೂ ಇರುತ್ತಿತ್ತು.

ಅವರ ಬಚ್ಚಲ ಬಾಗಿಲ ಒಳಗಡೆ ಒಂದು ಉದ್ದನೆಯ ಕ್ಯಾಲೆಂಡರ್ ತೂಗುಹಾಕಿತ್ತು. ಅದರಲ್ಲಿ ವಾರ ಇಲ್ಲ, ವರ್ಷ ಇಲ್ಲ, ಬರೀ ತಿಂಗಳು ಮತ್ತು ತಾರೀಕು. ತಾರೀಕಿನ ಪಕ್ಕ ಜನರ ಹೆಸರು. ಅಕ್ಕ, ತಂಗಿ, ಅಂಚೆಯವನು, ಹಲ್ಲಿನ ಡಾಕ್ಟರು, ಎಲ್ಲರ ಹುಟ್ಟಿದ ದಿನ ಅಲ್ಲಿತ್ತು. ತೀರಿಕೊಂಡವರ ಹೆಸರಿನ ಮುಂದೆ ಸಣ್ಣ ಶಿಲುಬೆಯ ಗುರುತು, ಹೆಸರು ಮಾತ್ರ ಅಳಿಸಿಲ್ಲ. ಮಾರ್ಥಾ ಅವರ ಹೆಸರೇ ಮೇ ತಿಂಗಳಲ್ಲಿ ಕಂಡಿತು. ಹಿಂದಿನ ದಿನವೇ ಸಿಕ್ಕರೆಂದು ನಾನು ಶುಭಾಶಯ ಹೇಳಿಬಿಟ್ಟೆ. ಮುಖ ಬಿಳಿಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ದಿನ ಬರುವ ಮೊದಲೇ ಹಾರೈಸಿದರೆ ಅಪಶಕುನವಂತೆ.

ಮಾರನೇ ದಿನ ಪೆನ್ನು ಹಿಡಿದು ಮೇಲೆ ಬಂದರು. ನಮ್ಮಿಬ್ಬರ ಹುಟ್ಟಿದ ದಿನ ಕೇಳಿದರು. ನಾನು ಜೂನ್ ಒಂದು ಎಂದೆ. ಗಿರಿಜಳದು? ಅದೂ ಜೂನ್ ಒಂದು ಎಂದೆ. ಮಾರ್ಥಾ ಬೆರಗಾಗಿ ಎರಡೂ ಕೈಗಳಿಂದ ಕೆನ್ನೆ ಹಿಡಿದುಕೊಂಡರು. ಇಡೀ ಜನ್ಮದಲ್ಲಿ ಇಂಥ ಜೋಡಿ ನೋಡಿಲ್ಲವಂತೆ, ದೇವರೇ ಸೇರಿಸಿದ್ದಂತೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಇಂಥವರು ನಾಲ್ಕು ಜನ ಇದ್ದೇವೆ ಎಂದು ಹೇಳಲು ಬಾಯಿ ಬರಲಿಲ್ಲ.

ಕಚೇರಿ: ಮೊದಲನೇ ಸಲ

ವಿದೇಶಿಯರ ಕಚೇರಿಯಲ್ಲಿ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಸರದಿ. ನೂಕುನುಗ್ಗಲಿಲ್ಲ, ದಾರದಲ್ಲಿ ಕಟ್ಟಿದ ಪೆನ್ನಿಲ್ಲ, ಸಾಹೇಬರು ಒಳ್ಳೇ ಮೂಡಿನಲ್ಲಿದ್ದಾರಾ ಎಂದು ಕೇಳಲು ಒಬ್ಬ ಅಟೆಂಡರೂ ಇಲ್ಲ. ಗಾಜಿನ ಬಾಗಿಲಿನ ಹಿಂದೆ ಟೀ ಶರ್ಟ್ ಹಾಕಿದ ಒಬ್ಬ ಯುವ ಅಧಿಕಾರಿ ಇದ್ದ. ಎದ್ದು ಕೈಕುಲುಕಿದ, ನೀರು ಬೇಕೇ ಎಂದ. ಆ ವಿನಯವನ್ನು ಈಗ ನೆನೆಸಿಕೊಂಡರೂ ನನಗೆ ರೇಗುತ್ತದೆ. ಒರಟನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಒಂದೊಂದೇ ಹಾಳೆ ತಿರುಗಿಸುತ್ತ ಹೋದ. ಕರಾರು ಸರಿ, ಪದವಿ ಸರಿ, ವಿಮೆ ಸರಿ. ಗಿರಿಜ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಆಮೇಲೆ ಕೊನೆಯ ಹಾಳೆ ಬಂತು. ಪಾಸ್‌ಪೋರ್ಟನ್ನು ಅದರ ಪಕ್ಕ ಇಟ್ಟು ನೋಡಿದ. ಪಾಸ್‌ಪೋರ್ಟಿನಲ್ಲಿ ಜೂನ್ ಒಂದು. ಕಲ್ಯಾಣದುರ್ಗದ ಪ್ರಮಾಣಪತ್ರದಲ್ಲಿ ಅಕ್ಟೋಬರ್ ಇಪ್ಪತ್ತಾರು. ಎರಡರಲ್ಲಿ ನಿಮ್ಮದು ಯಾವುದು ಎಂದು ಕೇಳಿದ.

ಎರಡೂ ನನ್ನವೇ, ಎಂದಳು ಗಿರಿಜ.

ನಮ್ಮೂರಿನಲ್ಲಿ ಇದು ಸರಿಯಾದ ಉತ್ತರ. ನಮಗೆಲ್ಲ ಒಂದು ಸ್ಕೂಲ್ ತಾರೀಕು, ಒಂದು ಹುಟ್ಟಿದ ತಾರೀಕು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಎಂದು ಬರೆದುಕೊಳ್ಳುತ್ತಾರೆ. ಶಾಲೆ ತೆರೆಯುವುದು ಜೂನಿನಲ್ಲಿ, ಆ ದಿನಕ್ಕೆ ಮಗುವಿಗೆ ಐದು ತುಂಬಿದರೆ ಲೆಕ್ಕ ಸುಲಭ. ಆ ತಾರೀಕು ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡಿಗೆ ಹೋಗುತ್ತದೆ, ಅಲ್ಲಿಂದ ಪಾಸ್‌ಪೋರ್ಟಿಗೆ ಹೋಗುತ್ತದೆ. ಅಕ್ಟೋಬರಿನದು ಅವ್ವನ ಬಾಯಲ್ಲಿ ಉಳಿಯುತ್ತದೆ. ಇದರಲ್ಲಿ ಮೋಸ ಎಲ್ಲಿಂದ ಬಂತು?

ಅಧಿಕಾರಿಗೆ ಅದು ಅರ್ಥವಾಗಲಿಲ್ಲ. ಅರ್ಜಿಯಲ್ಲಿದ್ದ ಗಂಡನ ವಿವರ ನೋಡಿದ. ಅಲ್ಲೂ ಜೂನ್ ಒಂದು. ಈಗ ಅವನು ನನ್ನತ್ತ ತಿರುಗಿದ. ಬಾಯಿ ಮುಚ್ಚಿಕೊಂಡಿರಬೇಕಾದವನು ನಾನು. ಆದರೆ ಹೆಂಡತಿಯನ್ನು ಕಳ್ಳಿಯಂತೆ ನೋಡುತ್ತಿದ್ದಾನೆ ಎಂದು ಪಿತ್ತ ನೆತ್ತಿಗೇರಿತ್ತು. ಇದರಲ್ಲಿ ಏನೂ ವಿಶೇಷವಿಲ್ಲ, ಎಲ್ಲ ಮೇಷ್ಟ್ರುಗಳೂ ಹೀಗೇ ಬರೆಯುತ್ತಾರೆ, ನಾನೂ ಮೇಷ್ಟ್ರು, ನಾನೇ ನೂರಾರು ಮಕ್ಕಳಿಗೆ ಈ ಕೈಯಾರೆ ಬರೆದಿದ್ದೇನೆ ಎಂದು ಎದೆ ತಟ್ಟಿ ಹೇಳಿದೆ.

ಅವನು ಅದನ್ನು ಟೈಪ್ ಮಾಡಿದ. ಕೀಲಿಮಣೆಯ ಸದ್ದು ನಿಲ್ಲುವವರೆಗೆ ನಾನು ಏನು ಹೇಳಿದೆ ಎನ್ನುವುದು ನನಗೇ ಹೊಳೆಯಲಿಲ್ಲ. ಗಿರಿಜ ಮಾತ್ರ ಕಣ್ಣು ಮುಚ್ಚಿಕೊಂಡಿದ್ದಳು.

ಗುರುತು ಖಚಿತವಿಲ್ಲದ್ದರಿಂದ ಫೈಲು ಮೇಲಿನವರಿಗೆ ಹೋಗುತ್ತದೆ, ಅವರು ಭಾರತಕ್ಕೆ ಬರೆದು ವಿಚಾರಿಸಬಹುದು, ತಿಂಗಳುಗಳೇ ಹಿಡಿಯಬಹುದು ಎಂದ. ಗಿರಿಜಳ ವೀಸಾಕ್ಕೆ ಉಳಿದಿದ್ದದ್ದು ಮೂರೇ ವಾರ. ನಮ್ಮ ಕಡೆಯ ಆಫೀಸಿನಲ್ಲಿ ಗುಮಾಸ್ತನಿಗೆ ತಾರೀಕು ಯಾವತ್ತೂ ದೊಡ್ಡದಲ್ಲ. ಯಾವ ಊರು, ಯಾರ ಮಗಳು, ನಿಮ್ಮ ದೊಡ್ಡಪ್ಪನಿಗೆ ಗೋರಂಟ್ಲದಲ್ಲಿ ಅಂಗಡಿ ಇತ್ತಲ್ಲ ಎಂದು ನಾಲ್ಕು ಪ್ರಶ್ನೆ ಕೇಳಿದರೆ ನೀವು ಯಾರೆಂದು ತೀರ್ಮಾನವಾಗುತ್ತದೆ. ಅಲ್ಲಿ ಯಾರೂ ಯಾರ ಮಗಳು ಎಂದು ಕೇಳಲೇ ಇಲ್ಲ.

ಬಸ್ಸಿನಲ್ಲಿ ಗಿರಿಜ ಒಂದೇ ಮಾತು ಆಡಿದಳು. "ಇನ್ನೆರಡು ವಾರಕ್ಕೆ ನನ್ ಗಿಡ ಹೂವಿಗೆ ಬತ್ತವೆ. ನಾನಿಲ್ದೆ ಹೋದ್ರೆ ಇಷ್ಟ್ ದಿನ ಮಾಡಿದ್ದೆಲ್ಲಾ ನೀರಿಗೆ ಹಾಕ್ದಂಗೆ ಕಣ್ರೀ." ಬಸ್ಸಿನಲ್ಲಿ ಅವಳದೊಂದೇ ದನಿ, ಉಳಿದವರೆಲ್ಲ ಕಿಟಕಿಯ ಹೊರಗೆ ನೋಡುತ್ತಿದ್ದರು.

ಗಾಜಿನ ಮನೆ

ಮಾರನೇ ದಿನ ಅವಳ ಜೊತೆ ವಿಶ್ವವಿದ್ಯಾಲಯಕ್ಕೆ ಹೋದೆ. ಗಾಜಿನ ಮನೆಯ ಒಳಗೆ ಕಾಲಿಟ್ಟರೆ ಥೇಟು ಕಲ್ಯಾಣದುರ್ಗದ ಮೇ ತಿಂಗಳು. ಆ ಸೆಖೆ ಮುಖಕ್ಕೆ ಬಡಿದದ್ದೇ ತಡ ನನಗೆ ಅಳು ಬಂದಂತಾಯಿತು. ಸಾಲು ಸಾಲು ಕುಂಡಗಳಲ್ಲಿ ಕಡ್ಲೆಕಾಯಿ ಗಿಡ. ಆ ಸೆಖೆಯನ್ನು ಯಂತ್ರದಿಂದ ಮಾಡಿದ್ದರು, ಗಿಡದ ಮಾತನ್ನು ಮಾತ್ರ ಯಂತ್ರ ಹೇಳುತ್ತಿರಲಿಲ್ಲ. ಗಿರಿಜ ಎಲೆಯನ್ನು ಎರಡು ಬೆರಳಲ್ಲಿ ಮಡಚಿ ಬಿಟ್ಟು, ಇದು ನಾಳೆಗೂ ತಡೀತದೆ, ಇದು ತಡಿಯಲ್ಲ ಎನ್ನುತ್ತ ಹೋದಳು. ಅಲ್ಲಿನ ಇಬ್ಬರು ಸಂಶೋಧಕರು ಹಿಂದೆ ಹಿಂದೆ ಬಂದು ಬರೆದುಕೊಳ್ಳುತ್ತಿದ್ದರು. ಅವಳ ಬೆರಳಿಗೆ ಅದನ್ನು ಕಲಿಸಿದವರು ಹೊಲದಲ್ಲಿ ಕೂಲಿ ಮಾಡಿದ ಅವಳ ಅವ್ವ. ಪದವಿ ಆಮೇಲಿನದು. ಉನ್ನತ ಕೌಶಲ ಎಂದು ಆ ಕಚೇರಿಯವರು ಕರೆಯುವುದು ಇದನ್ನೇ ತಾನೆ? ಅದರ ಮೇಲೆ ಅವರಿಗೆ ಒಂದು ಅನುಮಾನವೂ ಇರಲಿಲ್ಲ. ಅವಳು ಹುಟ್ಟಿದ್ದರ ಮೇಲೆ ಇತ್ತು!

ಜೂನ್ ಒಂದು

ಆ ದಿನ ಮಧ್ಯಾಹ್ನ ಮಾರ್ಥಾ ನಮ್ಮನ್ನು ಕೆಳಗೆ ಕರೆದರು. ಮೇಜಿನ ಮೇಲೆ ಚೆರ್ರಿ ಹಣ್ಣಿನ ದೊಡ್ಡ ಕೇಕು, ಎರಡು ಮೇಣದಬತ್ತಿ, ಹಿತ್ತಲಿನ ಹೂವು. ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ್ದರಂತೆ. ಇಬ್ಬರೂ ಒಟ್ಟಿಗೆ ಊದಿ ಎಂದರು. ನಾನು ಊದಲು ಬಗ್ಗಿದೆ. ಗಿರಿಜ ಬಗ್ಗಲಿಲ್ಲ. ಇದು ನನ್ನ ದಿನ ಅಲ್ಲ ಎಂದುಬಿಟ್ಟಳು, ಹೇಳುತ್ತಲೇ ಗಳಗಳ ಅತ್ತಳು.

ಕುರ್ಚಿಯಲ್ಲಿ ಕೂರಿಸಿ ಎಲ್ಲ ಕೇಳಿದರು ಮಾರ್ಥಾ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನಾವು ನಿಧಾನವಾಗಿ ಹೇಳಿದೆವು. ಅವ್ವ ಕಡ್ಲೆಕಾಯಿ ಕೀಳುವ ಕೂಲಿಯ ನಡುವೆ ನೋವು ಬಂದು, ಜೀಪಿನಲ್ಲಿ ಕಲ್ಯಾಣದುರ್ಗದ ಆಸ್ಪತ್ರೆಗೆ ಹೋಗಿ ಹೆತ್ತದ್ದು, ಆ ಕಾರಣಕ್ಕೇ ಅಕ್ಟೋಬರ್ ಇಪ್ಪತ್ತಾರು ಒಂದು ರಿಜಿಸ್ಟರಿನಲ್ಲಿ ಉಳಿದುಕೊಂಡದ್ದು, ಎಲ್ಲ. ಮಾರ್ಥಾ ಎದ್ದು ಹೋಗಿ ಬಚ್ಚಲ ಬಾಗಿಲಿನ ಕ್ಯಾಲೆಂಡರನ್ನೇ ಕಳಚಿ ತಂದರು. ಜೂನ್ ಒಂದರಲ್ಲಿದ್ದ ಗಿರಿಜಳ ಹೆಸರಿನ ಮೇಲೆ ಗೆರೆ ಎಳೆದು, ಅಕ್ಟೋಬರಿನ ಹಾಳೆ ತೆಗೆದು ಇಪ್ಪತ್ತಾರರ ಪಕ್ಕ ಮತ್ತೆ ಬರೆದರು. ಆಧಾರ ಕೇಳಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ನಿಜವಾದ ದಿನ ಯಾವುದು ಎಂದರು.

ನನಗೆ ಗೊತ್ತಿಲ್ಲ ಎಂದೆ. ನಾನು ಹುಟ್ಟಿದ್ದು ಮನೆಯಲ್ಲಿ. ನಮ್ಮಮ್ಮನಿಗೆ ಖಂಡಿತ ಗೊತ್ತಿತ್ತು. ಅವಳು ತೀರಿಕೊಂಡು ಹನ್ನೆರಡು ವರ್ಷವಾಯಿತು. ಒಂದು ದಿನವಾದರೂ ನಾನು ಅವಳನ್ನು ಕೇಳಿರಲಿಲ್ಲ. ಕೇಳುವ ಅಗತ್ಯವೇ ಬಿದ್ದಿರಲಿಲ್ಲ, ಜೂನ್ ಒಂದು ಇತ್ತಲ್ಲ. ಮಾರ್ಥಾ ಪೆನ್ನಿಗೆ ಮುಚ್ಚಳ ಹಾಕಿದರು. ಮೇಣದಬತ್ತಿಗಳನ್ನು ನಾನೊಬ್ಬನೇ ಊದಿದೆ.

ಕಚೇರಿ: ಎರಡನೇ ಸಲ

ವೀಸಾ ಮುಗಿಯಲು ವಾರ ಇದ್ದಾಗ ಕರೆ ಬಂತು. ಅದೇ ಅಧಿಕಾರಿ, ಅದೇ ಕೈಕುಲುಕು. ಈ ಸಲ ಅವನ ಮುಖದಲ್ಲಿ ಗೆಲುವಿತ್ತು. ವಿಶ್ವವಿದ್ಯಾಲಯದವರು ಒತ್ತಿ ಬರೆದಿದ್ದರಂತೆ, ಇವನೂ ಮೇಲಿನವರ ಹತ್ತಿರ ಮಾತಾಡಿ ಒಂದು ದಾರಿ ಹುಡುಕಿದ್ದನಂತೆ. ಪಾಸ್‌ಪೋರ್ಟಿನ ತಾರೀಕೇ ತಾರೀಕು. ಗಿರಿಜ ಒಂದು ಹೇಳಿಕೆಗೆ ರುಜು ಹಾಕಿದರೆ ಇವತ್ತೇ ಮಂಜೂರು.

ಹೇಳಿಕೆಯನ್ನು ಓದಿದೆ. ಜೂನ್ ಒಂದರ ಹೊರತು ನನಗೆ ಬೇರೆ ಹುಟ್ಟಿದ ದಿನವಿಲ್ಲ, ನಾನು ಸಲ್ಲಿಸಿದ ಜನನ ಪ್ರಮಾಣಪತ್ರ ನನಗೆ ಸಂಬಂಧಿಸಿದ್ದಲ್ಲ, ತಪ್ಪಾಗಿ ಸೇರಿಸಿದ್ದೇನೆ ಎಂದು ಅದರಲ್ಲಿತ್ತು.

ಸುಳ್ಳು ತಾರೀಕನ್ನು ಸತ್ಯ ಎನ್ನಬೇಕು, ಸತ್ಯವನ್ನು ತಪ್ಪು ಎನ್ನಬೇಕು, ಹಾಗೆ ಮಾಡಿದರೆ ಗುರುತು ಖಚಿತವಾಯಿತು. ಎರಡು ವಾರ ಇವರು ಅನುಮಾನಪಟ್ಟದ್ದು ಸುಳ್ಳಿನ ಮೇಲೆ ಅಂದುಕೊಂಡಿದ್ದೆ. ಸತ್ಯವೇ ಅವರಿಗೆ ಹೆಚ್ಚಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜ ನನ್ನ ಮೊಣಕೈ ಹಿಡಿದು, "ನೀವ್ ಸುಮ್ಕಿರಿ" ಎಂದಳು. ಪೆನ್ನು ತೆಗೆದು ರುಜು ಹಾಕಿದಳು.

ಅವನು ಪ್ರಮಾಣಪತ್ರವನ್ನು ವಾಪಸ್ಸು ಕೊಟ್ಟ. ತನ್ನಿಂದ ಒಂದು ಉಪಕಾರವಾಯಿತೆಂಬ ಸಂತೋಷ ಅವನ ಮುಖದಲ್ಲಿ ನಿಜವಾಗಿಯೂ ಇತ್ತು, ಅದಕ್ಕೆ ಅವನನ್ನು ಬೈಯಲೂ ಆಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಗಿರಿಜ ಆ ಕಾಗದ ಬಿಚ್ಚಿ ನೋಡಿದಳು. ಅವ್ವನ ಹೆಸರು ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಇತ್ತು.

"ಅವ್ವ ಮೂರ್ ಸಲ ಜೀಪ್ ಹತ್ತಿ ಹೋಗಿ ತಂದಿದ್ದು ಇದು. ನಂದಲ್ಲ ಅಂತ ಬರ್ಕೊಟ್ಬುಟ್ಟೆ. ಅವ್ವಂಗೆ ಹೇಳ್ಬ್ಯಾಡ್ರಿ."

ಹೇಳುವುದಿಲ್ಲ ಎಂದೆ. ಗಿಡಗಳಿಗೆ ನೀರು ಬಿಡುವ ಹೊತ್ತಾಗಿತ್ತು, ಅವಳು ಅಲ್ಲಿಂದಲೇ ಗಾಜಿನ ಮನೆಗೆ ಹೋದಳು.

ಲೇಪಾಕ್ಷಿಯ ಬಸ್ಸು

ಊರಿಗೆ ಬಂದು ನಾಲ್ಕನೇ ದಿನಕ್ಕೆ ಶಾಲೆ ತೆರೆಯಿತು. ಹಿಂದೂಪುರದಿಂದ ಬಸ್ಸಿನಲ್ಲಿ ಪಕ್ಕದವನ ಮೊಣಕೈ ತಿವಿಸಿಕೊಂಡು, ಫಾರಿನ್ನಿನಲ್ಲಿ ಏನು ತಿಂದೆ ಎನ್ನುವುದಕ್ಕೆ ಆರು ಜನರಿಗೆ ಉತ್ತರ ಹೇಳಿಕೊಂಡು ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಆ ಅಧಿಕಾರಿಯನ್ನು ಬೈಯುತ್ತಲೇ ಇದ್ದೆ.

ಮೊದಲ ದಿನವೇ ಒಬ್ಬ ಹೆಂಗಸು ಮಗಳನ್ನು ಸೇರಿಸಲು ಬಂದಳು. ಕುರಿ ಮಂದೆ ಹೊಡೆದುಕೊಂಡು ಊರೂರು ತಿರುಗುವವರು. ಈಗ ಎಲ್ಲರ ಹತ್ತಿರವೂ ಜನನ ಪ್ರಮಾಣಪತ್ರ ಇದೆ ಎನ್ನುತ್ತಾರೆ, ಇಂಥವರ ಹತ್ತಿರ ಇಲ್ಲ. ತಂದೆ ತಾಯಿ ಬರೆದುಕೊಟ್ಟರೆ ಸಾಕು ಎಂದು ನಿಯಮ ಇದೆ. ನಾನು ರಿಜಿಸ್ಟರು ತೆಗೆದೆ. ಹೆಸರು, ತಂದೆಯ ಹೆಸರು ಬರೆದೆ. ಮುಂದಿನ ಕಾಲಮಿಗೆ ಬಂದಾಗ ಕೈ ತನಗೆ ತಾನೇ ಜೂನ್ ಎಂದು ಬರೆಯಲು ಹೊರಟಿತ್ತು. ಅದೇ ರಿಜಿಸ್ಟರಿನ ಹಿಂದಿನ ಪುಟಗಳಲ್ಲಿ ನನ್ನದೇ ಅಕ್ಷರದಲ್ಲಿ ಜೂನ್ ಒಂದು, ಜೂನ್ ಒಂದು, ಜೂನ್ ಒಂದು. ಗಾಜಿನ ಹಿಂದಿನ ಆ ಯುವಕ ಸತ್ಯ ಅಳಿಸಿದ್ದು ಒಬ್ಬಳದು. ನಾನು ಅಳಿಸಿದ್ದು ಎಷ್ಟು ಜನರದು ಎಂದು ಲೆಕ್ಕ ಹಾಕಲು ನನಗೆ ಧೈರ್ಯವಾಗಲಿಲ್ಲ.

ಯಾವತ್ತು ಹುಟ್ಟಿದಳಮ್ಮ ಎಂದು ಕೇಳಿದೆ.

"ಅದ್ಯಾಕೆ ಸಾರ್ ಹೊಸದಾಗಿ ಕೇಳ್ತೀರಾ, ಜೂನ್ ಒಂದ್ ಹಾಕ್ಬುಡಿ. ದೊಡ್ಡೋನ್ಗೂ ನೀವೇ ಹಾಕಿದ್ರಲ್ಲಾ."

ಪೆನ್ನು ಕೆಳಗಿಟ್ಟೆ. ಅವತ್ತು ಮಂದೆ ಎಲ್ಲಿತ್ತು ಎಂದು ಕೇಳಿದೆ. ಅವಳು ಅನುಮಾನದಿಂದ ನನ್ನನ್ನೇ ನೋಡಿದಳು, ಏನೋ ಸರ್ಕಾರದ ತರಲೆ ಇರಬೇಕೆಂದು. ಕೂರಲು ಹೇಳಿದೆ. ನಿಧಾನವಾಗಿ ನೆನಪು ಬಿಚ್ಚತೊಡಗಿತು. "ಗೋರಂಟ್ಲದ ಕೆರೆ ಅಂಗಳ್ದಾಗೆ ಮಂದೆ ನಿಲ್ಸಿದ್ವಿ. ಸಿವರಾತ್ರಿ ಆಗಿ ಮೂರ್ನೇ ಸಂತೆ ಸಾರ್. ಇವ್ರಪ್ಪ ಸಂತೆಗೆ ಹೋಗ್ಬುಟ್ಟಿದ್ದ, ಬರೋ ಹೊತ್ಗೆ ಇವ್ಳು ಅಳ್ತಿದ್ಲು." ಹೇಳುತ್ತ ಹೇಳುತ್ತ ಅವಳ ಮುಖವೇ ಬೇರೆಯಾಯಿತು. ಐದು ವರ್ಷದ ಹಿಂದಿನ ಶಿವರಾತ್ರಿಯನ್ನು ಫೋನಿನಲ್ಲಿ ಹುಡುಕಿ, ಸಂತೆಯ ದಿನ ಎಣಿಸಿ, ಮಾರ್ಚ್ ಕೊನೆಯ ವಾರದ ಒಂದು ತಾರೀಕಿಗೆ ಬಂದು ನಿಂತೆವು. ಅದನ್ನೇ ಬರೆದು ಅವಳ ಹೆಬ್ಬೆಟ್ಟು ತೆಗೆದುಕೊಂಡೆ.

ಎಲ್ಲ ಸೇರಿ ಅರ್ಧ ಗಂಟೆ ಹಿಡಿಯಿತು. ನನ್ನನ್ನು ಶಾಲೆಗೆ ಸೇರಿಸಿದ ದಿನ ನಮ್ಮಮ್ಮನೂ ಹೀಗೇ ಮೇಷ್ಟ್ರ ಮೇಜಿನ ಮುಂದೆ ನಿಂತಿದ್ದಳು. ಆ ಅರ್ಧ ಗಂಟೆಯನ್ನು ಅವಳಿಗೆ ಯಾರೂ ಕೊಡಲಿಲ್ಲ.